ಮೂವತ್ತೊಂದನೇ ಪ್ರಶ್ನೆ

ಮಾರ್ಚ್ 4

ಅಪ್ಪಾ,

ಮೊದಲು ನಿನ್ನ ಆರೋಗ್ಯ ವಿಚಾರಿಸು ಅಂತ ಅಮ್ಮ ತಲೆ ಮೇಲೆ ನಿಂತಿದ್ದಾಳೆ. ವಿಚಾರಿಸಿದ್ದೀನಿ. ಉತ್ತರ ಕೊಡೋದು ಬಿಡೋದು ನಿನ್ನಿಷ್ಟ. ಫೋನ್ ಮಾಡಿದರೆ ಮೂರನೇ ನಿಮಿಷಕ್ಕೆ ಇಬ್ಬರೂ ಕಿರುಚಾಡಿ ಇಟ್ಟುಬಿಡ್ತೀವಿ, ಅದಕ್ಕೇ ಕಾಗದ. ಕಾಗದದಲ್ಲಾದರೆ ನನ್ನ ಮಾತು ಅರ್ಧಕ್ಕೆ ಕತ್ತರಿಸೋಕೆ ನಿನ್ನ ಕೈಲಿ ಆಗಲ್ಲ.

ವಿಷಯ ಏನಂದ್ರೆ, ನನಗೆ ಕೆಲಸ ಸಿಕ್ಕಿದೆ. ನಗಬೇಡ. ಮನೆ ಕೊಳ್ಳೋರು ಕೊಳ್ಳೋಕೆ ಮುಂಚೆ ಆ ಮನೆ ನೆಟ್ಟಗಿದೆಯಾ ಅಂತ ನೋಡಿಸ್ತಾರಲ್ಲ, ಆ ತಪಾಸಣೆ ಕೆಲಸ. ಗೋಡೆ, ಸೂರು, ನಲ್ಲಿ, ಕರೆಂಟು ಎಲ್ಲ. ಯಜಮಾನಿ ಐವತ್ತು ದಾಟಿದ ಹೆಂಗಸು. ಮಟಮಟ ಮಧ್ಯಾಹ್ನದಲ್ಲೂ ಟಾರ್ಚ್ ಕೈಬಿಡಲ್ಲ, ಅದಕ್ಕೆ ಎಲ್ಲರೂ ಟಾರ್ಚಕ್ಕ ಅಂತಾರೆ. ಮೊದಲ ದಿನವೇ ಕೇಳಿದಳು, "ಎಷ್ಟನೇ ಕ್ಲಾಸು?"

"ಹತ್ತಕ್ಕೆ ಬಿಟ್ಟೆ."

"ಯಾಕೆ?"

"ಮೇಷ್ಟ್ರು ಡಸ್ಟರ್ ಎಸೆದ್ರು. ನಾನು ವಾಪಸ್ ಎಸೆದೆ."

"ತಗುಲ್ತಾ?"

"ತಗುಲ್ತು."

"ಹಾಗಾದ್ರೆ ಕಣ್ಣು ಚೆನ್ನಾಗಿದೆ. ಏಣಿ ಹಿಡಿ ಬಾ."

ಇಷ್ಟೇ ಸಂದರ್ಶನ. ಈಗ ನನ್ನ ಚೀಲದಲ್ಲಿ ಏನೇನಿದೆ ಗೊತ್ತಾ? ಗೋಡೆಯೊಳಗಿನ ತೇವ ಹೇಳೋ ಮೀಟರು, ಕಟ್ಟೆ ಸಮವಾಗಿದೆಯಾ ತೋರಿಸೋ ರಸಮಟ್ಟ, ಸಿಂಕ್ ಹಿಂದೆ ಇಣುಕೋಕೆ ಕೋಲಿಗೆ ಕಟ್ಟಿದ ಕನ್ನಡಿ, ನೆಲ ಎತ್ತ ವಾಲಿದೆ ನೋಡೋಕೆ ಒಂದು ಗೋಲಿ. ಗೋಲಿ ನನ್ನದೇ ಐಡಿಯಾ. ಟಾರ್ಚಕ್ಕ ಬೈದಳು, ಆಮೇಲೆ ತಾನೂ ಒಂದು ಇಟ್ಟುಕೊಂಡಳು.

ಜೂನ್‌ನಲ್ಲಿ ಲೈಸೆನ್ಸ್ ಪರೀಕ್ಷೆ. ಅದು ಪಾಸಾದರೆ ವರದಿಗೆ ನಾನೇ ಸಹಿ ಹಾಕಬಹುದು. ಪ್ರಶ್ನೆ ಪುಸ್ತಕದ ಕರೆಂಟಿನ ಭಾಗದಲ್ಲಿ ನಲವತ್ತು ಪ್ರಶ್ನೆ ಇವೆ. ಹನ್ನೆರಡು ನನ್ನ ತಲೆಗೆ ಹತ್ತುತ್ತಿಲ್ಲ. ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೀನಿ. ಇಪ್ಪತ್ತೈದು ವರ್ಷದಿಂದ ವೈರ್‌ಮನ್ ಆಗಿರೋನು ನೀನು, ಮಗಳಿಗೆ ಇಷ್ಟಾದರೂ ಮಾಡು.

ಇನ್ನೊಂದು. ನಾನು ಸ್ಕೂಲ್ ಬಿಟ್ಟ ವಾರವೇ ನೀನು ಪೆಟ್ಟಿಗೆ ಕಟ್ಟಿಕೊಂಡು ಆ ದೂರದ ಕಾರ್ಖಾನೆಗೆ ಹೋದೆ. ನನ್ನ ಮುಖ ನೋಡೋಕಾಗದೆ ಹೋದೆ ಅಂತ ನನಗೆ ಗೊತ್ತು. ಎರಡು ವರ್ಷ ಆಯ್ತು. ಪಾಸಾದ್ರೆ ಬರ್ತೀಯಾ?

ನಿನ್ನ ಪಟಾಕಿ


ಮಾರ್ಚ್ 15

ಪಟಾಕಿ,

ಕಾಗದ ತಲುಪಿತು. ಮೊಣಕಾಲು ನೋವು ಬಿಟ್ಟರೆ ಚೆನ್ನಾಗಿದ್ದೇನೆ. ಅಮ್ಮನಿಗೆ ಹೇಳು.

ಉತ್ತರಗಳನ್ನು ನಿನ್ನ ಹಾಳೆಯ ಹಿಂಬದಿಯಲ್ಲೇ ಬರೆದಿದ್ದೇನೆ. ಬಾಯಿಪಾಠ ಮಾಡಬೇಡ, ಯಾಕೆ ಎಂದು ಯೋಚಿಸು. ಮೇನ್ ಬೋರ್ಡಿನ ಮುಚ್ಚಳ ತೆಗೆಯುವಾಗ ಒಂದು ಕೈ ಬೆನ್ನ ಹಿಂದೆ ಇರಲಿ. ಎರಡೂ ಕೈ ಒಳಗೆ ಹೋದರೆ ಕರೆಂಟಿಗೆ ಎದೆಯೇ ದಾರಿ. ತೇವದ ಗೋಡೆ ಇರುವ ಕಡೆ ಅಲ್ಯೂಮಿನಿಯಂ ಏಣಿ ಬೇಡ. ಟೇಪು ಸುತ್ತಿದಾಗ ಕೊನೆಯ ತುದಿಯನ್ನು ಸ್ವಲ್ಪ ಮಡಚಿ ಬಿಡು, ನಾಳೆ ಬಿಚ್ಚುವವನ ಉಗುರಿಗೆ ಸಿಗಬೇಕು. ಇದು ಪರೀಕ್ಷೆಗೆ ಬರುವುದಿಲ್ಲ, ಆದರೂ ಕಲಿತಿರು.

ಡಸ್ಟರ್ ತಗುಲಿದ ವಿಷಯ ನನಗೆ ಯಾರೂ ಹೇಳಿರಲಿಲ್ಲ.

ನಿನ್ನ ಅಪ್ಪ


ಏಪ್ರಿಲ್ 2

ಅಪ್ಪಾ,

ಹನ್ನೆರಡು ಕೇಳಿದ್ದೆ, ಹನ್ನೊಂದಕ್ಕೆ ಬರೆದಿದ್ದೀಯ. ಮೂವತ್ತೊಂದನೇ ಪ್ರಶ್ನೆ ಎಲ್ಲಿ ಹೋಯ್ತು? ಕನ್ನಡಕ ಮರೆತಿದ್ದೆಯಾ?

ಇನ್ನೊಂದು ಸಲ ಬರೀತೀನಿ. ಪ್ಲಗ್ ಪಾಯಿಂಟಿಗೆ ಚುಚ್ಚೋ ಟೆಸ್ಟರ್ ಇದೆಯಲ್ಲ, ಮೂರು ದೀಪದ್ದು. ಚುಚ್ಚಿದಾಗ ಎರಡು ಹಸಿರು ದೀಪ ಹತ್ತಿದರೆ ಕರೆಂಟು ತರೋ ಫೇಸು, ವಾಪಸ್ ಒಯ್ಯೋ ನ್ಯೂಟ್ರಲ್ಲು, ಸೋರಿದ್ದನ್ನ ನೆಲಕ್ಕಿಳಿಸೋ ಅರ್ಥಿಂಗು ಮೂರೂ ಸರಿ ಅಂತ ಅರ್ಥ. ಕೆಂಪು ಹತ್ತಿದರೆ ಗ್ರಹಚಾರ. ಇಷ್ಟು ನನಗೆ ಗೊತ್ತು, ದಿನಾ ಅದೇ ಕೆಲಸ. ಪುಸ್ತಕ ಕೇಳೋದು ಬೇರೆ. "ಎರಡು ಹಸಿರು ದೀಪ ಹತ್ತಿದರೂ ಈ ಟೆಸ್ಟರ್ ಪತ್ತೆ ಹಚ್ಚಲಾಗದ ಪ್ರಾಣಾಪಾಯದ ದೋಷ ಯಾವುದು?"

ಟಾರ್ಚಕ್ಕನ್ನ ಕೇಳಿದರೆ, "ಒಂದಿನ ಕಣ್ಣಾರೆ ನೋಡ್ತೀಯ, ಅವತ್ತಿಂದ ಮರೆಯಲ್ಲ" ಅಂತಾಳೆ. ಅವಳಿಗೆ ಎಲ್ಲದರಲ್ಲೂ ಸಸ್ಪೆನ್ಸ್. ನೀನು ಹೇಳು.

ಅಮ್ಮ ನಿನ್ನ ಮೊಣಕಾಲಿಗೆ ಎಣ್ಣೆ ಕಳಿಸ್ತಾಳಂತೆ. ಬರ್ತೀಯಾ ಅಂತ ಕೇಳಿದ್ದಕ್ಕೆ ಉತ್ತರ ಬಂದಿಲ್ಲ ಅನ್ನೋದನ್ನ ನಾನು ಗಮನಿಸಿಲ್ಲ ಅಂದ್ಕೋಬೇಡ.

ಪಟಾಕಿ


ಏಪ್ರಿಲ್ 13

ಮಗಳೇ,

ಎಣ್ಣೆ ಬಂತು.

ಆ ಪ್ರಶ್ನೆ ಬಿಟ್ಟುಬಿಡು. ಒಂದು ಅಂಕ ಹೋದರೆ ಯಾರೂ ಫೇಲಾಗುವುದಿಲ್ಲ. ಪುಸ್ತಕ ಬರೆಯುವವರು ಎಲ್ಲೋ ಒಂದು ಕಡೆ ಇರುವುದನ್ನು ದೊಡ್ಡದು ಮಾಡುತ್ತಾರೆ. ಎರಡು ದೀಪ ಹತ್ತಿದರೆ ಸಾಕು, ಮುಂದಿನ ಕೋಣೆಗೆ ಹೋಗು.

ನೀವು ಊರಿನ ಯಾವ ಕಡೆ ಹೆಚ್ಚು ಕೆಲಸ ಮಾಡುತ್ತೀರಿ? ನೀರಿನ ಟ್ಯಾಂಕಿನ ಹಿಂದೆ ಹೊಸ ಮನೆಗಳ ಸಾಲಿದೆಯಲ್ಲ, ಅತ್ತ ಹೋಗುವುದುಂಟಾ? ಸುಮ್ಮನೆ ಕೇಳಿದೆ.

ಅಪ್ಪ


ಮೇ 9

ಅಪ್ಪಾ,

ಮಂಡಿ ಮೇಲೆ ಹಾಳೆ ಇಟ್ಕೊಂಡು ಬರೀತಿದ್ದೀನಿ. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ಇವತ್ತು ಬೆಳಿಗ್ಗೆ ನೀರಿನ ಟ್ಯಾಂಕಿನ ಹಿಂದಿನ ಸಾಲಿಗೆ ಹೋಗಿದ್ವಿ. ಒಂದೇ ಅಚ್ಚಿನ ಹತ್ತೊಂಬತ್ತು ಮನೆ. ನಮ್ಮದು ಏಳನೇ ಮನೆ. ಕೊಳ್ಳೋನು ಬಸ್ ಡ್ರೈವರ್. ಹೆಂಡತಿಗೆ ಏಳು ತಿಂಗಳು. ಆಯಮ್ಮ ಅಡುಗೆಕೋಣೆಯಲ್ಲಿ ಕೈ ಚಾಚಿ ಚಾಚಿ ಅಳತೆ ಮಾಡ್ತಿದ್ದಳು, ಫ್ರಿಜ್ ಇಲ್ಲಿ, ವಾಷಿಂಗ್ ಮಷೀನ್ ಅಲ್ಲಿ ಅಂತ. "ನೋಡು ತಂಗಿ, ಪ್ಲಗ್ ಎಷ್ಟು ಹತ್ತಿರ ಇದೆ" ಅಂತ ನನಗೆ ತೋರಿಸಿದಳು. ನಾನು ಟೆಸ್ಟರ್ ಚುಚ್ಚಿದೆ. ಎರಡು ಹಸಿರು. ಹಾಲ್‌ನಲ್ಲಿ ಎರಡು ಹಸಿರು. ಬಚ್ಚಲಮನೆ ಹೊರಗೆ ಎರಡು ಹಸಿರು. ನೀನು ಹೇಳಿದ ಹಾಗೆ ಮುಂದಿನ ಕೋಣೆ, ಮುಂದಿನ ಕೋಣೆ.

ಕೊನೆಗೆ ಮೇನ್ ಬೋರ್ಡಿನ ಮುಚ್ಚಳ ತೆಗೆದೆ. ಒಂದು ಕೈ ಬೆನ್ನ ಹಿಂದೆ. ಟಾರ್ಚಕ್ಕ ಬೆಳಕು ಹಿಡಿದು ಕೇಳಿದಳು.

"ಏನು ಕಾಣ್ತಿದೆ?"

"ಕೆಂಪು ವೈರು. ಕಪ್ಪು ವೈರು."

"ಏನು ಕಾಣ್ತಿಲ್ಲ?"

ನೋಡಿದೆ. ಮತ್ತೆ ನೋಡಿದೆ. ಹಸಿರು ಇರಲಿಲ್ಲ. ಇಡೀ ಮನೆಗೆ ಅರ್ಥಿಂಗ್ ವೈರೇ ಎಳೆದಿಲ್ಲ ಅಪ್ಪಾ. ಒಂದು ಎಳೆಯೂ ಇಲ್ಲ.

"ಹಾಗಾದ್ರೆ ನಿನ್ನ ಟೆಸ್ಟರಿಗೆ ಅರ್ಥಿಂಗ್ ಎಲ್ಲಿಂದ ಬಂತು ಮಾರಾಯ್ತಿ?" ಅಂದಳು.

ಮೇನ್ ಆಫ್ ಮಾಡಿ ಅಡುಗೆಕೋಣೆ ಪ್ಲಗ್ ಬಿಚ್ಚಿದೆ. ಒಳಗೆ ಬೆರಳುದ್ದದ ಒಂದು ತುಂಡು ವೈರು. ನ್ಯೂಟ್ರಲ್ ಸ್ಕ್ರೂನಿಂದ ಅರ್ಥಿಂಗ್ ಸ್ಕ್ರೂಗೆ ಗಂಟು. ಅಷ್ಟೇ. ಟೆಸ್ಟರು ಪಾಪ, ನ್ಯೂಟ್ರಲ್ಲನ್ನೇ ಅರ್ಥಿಂಗ್ ಅಂದುಕೊಂಡು ದೀಪ ಹತ್ತಿಸುತ್ತೆ. ಹಿಂದೆ ಎಲ್ಲಾದರೂ ನ್ಯೂಟ್ರಲ್ ಸಡಿಲ ಆಯ್ತು ಅಂದ್ರೆ, ಕರೆಂಟು ಆ ತುಂಡು ವೈರು ಹಿಡಿದು ಫ್ರಿಜ್ಜಿನ ಮೈಗೆ ಬರುತ್ತೆ. ಆಮೇಲೆ ಬಾಗಿಲು ತೆಗೆಯೋಕೆ ಕೈ ಇಟ್ಟೋರ ಕಥೆ ಮುಗೀತು. ಮೂವತ್ತೊಂದನೇ ಪ್ರಶ್ನೆಗೆ ಉತ್ತರ ಇದು. ನೀನು ಬರೆಯದ ಉತ್ತರ.

ಆದರೆ ನಾನು ನೆಲದ ಮೇಲೆ ಕೂತುಬಿಟ್ಟಿದ್ದು ಅದಕ್ಕಲ್ಲ. ಆ ತುಂಡು ವೈರಿಗೆ, ಯಾರಾದರೂ ಇಣುಕಿದರೆ ಅರ್ಥಿಂಗ್ ಅಂದುಕೊಳ್ಳಲಿ ಅಂತ, ಹಸಿರು ಟೇಪು ಸುತ್ತಿತ್ತು. ನೀಟಾಗಿ. ತುದಿ ಮಡಚಿತ್ತು. ಬಿಚ್ಚುವವನ ಉಗುರಿಗೆ ಸಿಗೋ ಹಾಗೆ.

ಸಿಕ್ತು. ನನ್ನ ಉಗುರಿಗೆ ಸಿಕ್ತು.

ಟಾರ್ಚಕ್ಕ ಕೇಳಿದಳು, "ಯಾಕೆ ಬೆವರ್ತಿದ್ದೀಯ? ಯಾರ ಕೆಲಸ ಅಂತ ಗೊತ್ತಾ?" ಗೊತ್ತಿಲ್ಲ ಅಂದೆ. ಮೇಷ್ಟ್ರಿಗೂ ನಾನು ಸುಳ್ಳು ಹೇಳಿದೋಳಲ್ಲ.

ನಾನಲ್ಲ ಅಂತ ಒಂದು ಸಾಲು ಬರಿ. ಒಂದೇ ಸಾಲು. ನಂಬ್ತೀನಿ.

ಪಟಾಕಿ


ಮೇ 18

ಅಪ್ಪಾ,

ಒಂಬತ್ತು ದಿನ ಆಯ್ತು. ಆ ಸಾಲು ಬರಲಿಲ್ಲ.

ನಿನ್ನೆ ನಮ್ಮ ಮನೆ ಬೋರ್ಡು ಎಲ್ಲಾ ಬಿಚ್ಚಿದೆ. "ಏನೇ ಇದು, ಹುಚ್ಚಾ?" ಅಂತ ಅಮ್ಮ ಹಿಂದೆ ಹಿಂದೆ ಬಂದಳು. ಹೆದರಿಕೊಂಡೇ ಬಿಚ್ಚಿದೆ, ಇಲ್ಲೂ ಅದೇ ಇರುತ್ತೆ ಅಂತ. ಇರಲಿಲ್ಲ. ಒಂದೊಂದು ಪ್ಲಗ್ಗಿಗೂ ಮೇನಿಂದ ಎಳೆದ ಗಟ್ಟಿ ಹಸಿರು ವೈರು. ಹಿತ್ತಲಲ್ಲಿ ಅರ್ಥಿಂಗ್ ಗುಂಡಿ. ನಾನು ಚಿಕ್ಕವಳಿದ್ದಾಗ ಅದಕ್ಕೆ ನೀರು ಹಾಕು ಅಂತ ಚೊಂಬು ಕೊಡ್ತಿದ್ದೆಯಲ್ಲ, ಅದೇ ಗುಂಡಿ.

ನಮ್ಮನೇಲೂ ಹಾಗೇ ಕಟ್ಟಿದ್ದಿದ್ರೆ ಗೊತ್ತಿಲ್ಲದೆ ಮಾಡಿದ್ದೀಯ ಅಂದುಕೊಳ್ತಿದ್ದೆ. ನಿನಗೆ ಗೊತ್ತಿತ್ತು. ನಮ್ಮನೆಗೆ ಬೇಕಿತ್ತು, ಅವರ ಮನೆಗೆ ಬೇಡ ಆಗಿತ್ತು.

ಟಾರ್ಚಕ್ಕನಿಗೆ ನಿಜ ಹೇಳಿದೆ. ಕೆಲಸದಿಂದ ಓಡಿಸ್ತಾಳೆ ಅಂದುಕೊಂಡಿದ್ದೆ. ಕನ್ನಡಕ ಒರೆಸಿಕೊಂಡು, "ನಮ್ಮ ವರದಿಯಲ್ಲಿ ಏನು ತಪ್ಪಾಗಿದೆ ಅನ್ನೋದಕ್ಕೆ ಕಾಲಂ ಇದೆ, ಯಾರು ಮಾಡಿದ್ದು ಅನ್ನೋದಕ್ಕಿಲ್ಲ. ಅದು ನಿನ್ನ ಮನೆ ವಿಚಾರ" ಅಂದಳು. ಡ್ರೈವರ್ ಅಣ್ಣ ವರದಿ ಓದಿ ಮನೆ ಬೇಡ ಅಂದ. ಅವರು ಬದುಕಿಕೊಂಡರು.

ಉಳಿದ ಹದಿನೆಂಟು ಮನೇಲಿ ಈಗ ಜನ ಇದ್ದಾರೆ. ಯಾವ್ಯಾವ ಮನೇಲಿ ಹೀಗೆ ಕಟ್ಟಿದ್ದೀಯ? ಯಾವ ಪ್ಲಗ್ಗು? ಪಟ್ಟಿ ಬರಿ. ಮೊಣಕಾಲು ನೋವು ಅಂತೆಲ್ಲ ಬರೆದರೆ ಹರಿದು ಹಾಕ್ತೀನಿ.

ಇಷ್ಟೇ.


ಮೇ 29

ಮಗಳೇ,

ಎಲ್ಲ ಮನೆಗಳಲ್ಲೂ. ಪ್ರತಿ ಮನೆಯಲ್ಲಿ ಐದು: ಅಡುಗೆಕೋಣೆಯಲ್ಲಿ ಎರಡು, ಹಾಲಿನಲ್ಲಿ ಒಂದು, ಮಲಗುವ ಕೋಣೆಯಲ್ಲಿ ಒಂದು, ಬಚ್ಚಲಮನೆ ಹೊರಗೆ ಒಂದು. ಹದಿನಾಲ್ಕನೇ ಮನೆಯಲ್ಲಿ ಮಾಳಿಗೆಯ ಮೇಲೂ ಒಂದಿದೆ, ಮರೆಯಬೇಡ.

ಕಟ್ಟಿಸುತ್ತಿದ್ದ ಮೇಸ್ತ್ರಿ ಹಸಿರು ವೈರು ತರಿಸಲಿಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದ. ಅಷ್ಟರಲ್ಲಿ ಗೋಡೆಗೆ ಗಾರೆ ಮೆತ್ತಿಯಾಗಿತ್ತು. ಪರೀಕ್ಷಿಸಲು ಬರುವವರು ಮೂರು ದೀಪದ ಟೆಸ್ಟರ್ ಮಾತ್ರ ಚುಚ್ಚುತ್ತಾರೆ, ದೀಪ ಹತ್ತುವ ಹಾಗೆ ಮಾಡು ಎಂದ. ಒಂದು ಮನೆಗೆ ಮಾಡಿದೆ. ಆಮೇಲೆ ಎರಡನೆಯದಕ್ಕೆ ಬೇಡ ಎನ್ನಲು ಬಾಯಿ ಬರಲಿಲ್ಲ. ಮೇಸ್ತ್ರಿಯ ಮೇಲೆ ಹಾಕುತ್ತಿಲ್ಲ. ಸ್ಕ್ರೂ ತಿರುಗಿಸಿದ್ದು ನನ್ನ ಕೈ.

ಇನ್ನೊಂದು ನಿನಗೆ ತಿಳಿದಿರಬೇಕು. ಹನ್ನೊಂದನೇ ಮನೆ ಟೈಲರ್ ಮನೆ. ಅವರ ಹೆಂಡತಿ ತೀರಿಹೋದರು. ಫ್ರಿಜ್ ಮುಟ್ಟಿ. ನೀನು ಶಾಲೆ ಬಿಟ್ಟ ಅದೇ ವಾರ.

ನಾನು ಹೊರಟದ್ದು ಅದಕ್ಕೆ. ನೀನು ಶಾಲೆ ಬಿಟ್ಟ ಸಿಟ್ಟಿಗೆ ಹೊರಟೆ ಎಂದು ನೀನೂ ನಿನ್ನ ಅಮ್ಮನೂ ಅಂದುಕೊಂಡಿರಿ. ನಾನು ತಿದ್ದಲಿಲ್ಲ. ಹಾಗೆ ಇರಲಿ ಎಂದು ಬಿಟ್ಟೆ. ನಿನ್ನ ಮೇಲೆ ನನಗೆ ಯಾವತ್ತೂ ಸಿಟ್ಟಿರಲಿಲ್ಲ.

ಬೇರೆ ಮನೆಗಳಿಗೆ ಹೋಗು. ಹನ್ನೊಂದಕ್ಕೆ ಮಾತ್ರ ಟಾರ್ಚಕ್ಕನವರನ್ನು ಕಳಿಸು. ನೀನು ಹೋಗಬೇಡ.

ಅಪ್ಪ


ಜೂನ್ 14

ಅಪ್ಪಾ,

ಮೂರು ಕಾಗದ ಬರೆದು ಹರಿದೆ. ಇದು ನಾಲ್ಕನೆಯದು. ಬೈಗುಳ ಎಲ್ಲ ಆ ಮೂರರಲ್ಲಿ ಹೋಯ್ತು. ಉಳಿದದ್ದು ಇದು.

ನಿನ್ನ ಕಾಗದ ಅಮ್ಮನಿಗೆ ಓದಿ ಹೇಳಿದೆ. ಪೂರ್ತಿ. ಅವಳು ಅಳಲಿಲ್ಲ. "ಆ ವಾರ ನಿಮ್ಮಪ್ಪ ತಟ್ಟೆ ಮುಂದೆ ಕೂತು ಹಾಗೇ ಎದ್ದುಹೋಗ್ತಿದ್ರು. ಅದಕ್ಕೂ ನಿನ್ನನ್ನೇ ಬೈದಿದ್ದೆನಲ್ಲೇ" ಅಂದಳು. ಆಮೇಲೆ ನನ್ನ ತಲೆ ಮೇಲೆ ಕೈ ಇಟ್ಟಳು, ತೆಗೆಯಲೇ ಇಲ್ಲ. ಎರಡು ವರ್ಷ ನಾನು ಅಪ್ಪನ್ನ ಓಡಿಸಿದೋಳು ಅಂತ ಬದುಕಿದ್ದೀನಿ, ಗೊತ್ತಾ ನಿನಗೆ? ಯಾರಾದರೂ ನಿಮ್ಮಪ್ಪ ಎಲ್ಲಿ ಅಂದ್ರೆ ಜಗಳಕ್ಕೆ ಹೋಗ್ತಿದ್ದೆ. ಒಂದು ಸಾಲು ಬರೆದಿದ್ರೆ ಸಾಕಿತ್ತು.

ಪರೀಕ್ಷೆ ಬರೆದೆ. ಮೂವತ್ತೊಂದನೇ ಪ್ರಶ್ನೆ ಬರಲೇ ಇಲ್ಲ.

ಮನೆಗಳಿಗೆ ನಾನೂ ಟಾರ್ಚಕ್ಕನೂ ಹೋದ್ವಿ. ಐದು ದಿನ. ಒಂದೊಂದು ಬಾಗಿಲಲ್ಲೂ ಅದೇ ಮಾತು: ನಿಮ್ಮನೆ ಅರ್ಥಿಂಗ್ ಸುಳ್ಳು, ಕಟ್ಟಿದ್ದು ನಮ್ಮಪ್ಪ, ಬಿಚ್ಚೋಕೆ ಬಂದಿದ್ದೀನಿ. ಮೂರನೇ ಮನೆ ಅಜ್ಜಿ "ಏನೂ ಆಗದ ಮನೆಗೆ ಬಂದು ಅಪಶಕುನ ನುಡೀತೀಯಾ?" ಅಂತ ಪೊರಕೆ ಎತ್ತಿದಳು. ಟಾರ್ಚಕ್ಕ ಪೊರಕೆ ಕೆಳಗೆ ತಗ್ಗಿ ಒಳಗೆ ನುಗ್ಗಿ ಮೇನ್ ಆಫ್ ಮಾಡಿದಳು. ಒಂಬತ್ತನೇ ಮನೆಯೋನು ನಿನ್ನ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಟ್ಟಿದ್ದಾನೆ. ಕೊಡಲಿ, ನಾನೇ ನಿನ್ನ ವಿಳಾಸ ಬರೆಸಿದೆ.

ಹನ್ನೊಂದನೇ ಮನೆ ಕೊನೆಗಿಟ್ಟುಕೊಂಡೆ. ಹೋಗಬೇಡ ಅಂತ ನೀನು ಬರೆದಿದ್ದೆ. ಹೋದೆ. ಒಬ್ಬಳೇ.

ಟೈಲರ್ ಮುಂದಿನ ಕೋಣೆಯಲ್ಲೇ ಹೊಲೀತಾರೆ. ಬಾಯಲ್ಲಿ ಗುಂಡುಪಿನ್ನು, ಕೊರಳಲ್ಲಿ ಟೇಪು. ಅಳತೆ ಕೊಡೋಕೆ ಬಂದೆ ಅಂದುಕೊಂಡು, "ಬಾ ಮಗಾ, ಕೂತ್ಕೋ" ಅಂದರು. ನಿಂತೇ ಹೇಳಿದೆ. ಪಿನ್ನು ಒಂದೊಂದಾಗಿ ಬಾಯಿಂದ ತೆಗೆದು ಮೆತ್ತೆಗೆ ಚುಚ್ಚಿದರು. ಆಮೇಲೆ ಎದ್ದು ಅವರೇ ಸ್ಟೂಲ್ ತಂದು ಹಾಕಿದರು. ನಾನು ಹಾಲಿನ ಪ್ಲಗ್ಗು, ಮಲಗೋ ಕೋಣೆದು, ಬಚ್ಚಲ ಹೊರಗಿಂದು ಬಿಚ್ಚೋ ತನಕ ಟಾರ್ಚ್ ಹಿಡಿದು ನಿಂತಿದ್ದರು. ಕೈ ಅಲ್ಲಾಡಲಿಲ್ಲ. ಪ್ರತಿ ಪ್ಲಗ್ಗಿನೊಳಗೂ ಆ ಹಸಿರು ಟೇಪು ನೋಡಿದರು.

ಅಡುಗೆಕೋಣೆ ಬಾಗಿಲಲ್ಲಿ ನಿಂತುಬಿಟ್ಟರು. ಅಲ್ಲಿ ಫ್ರಿಜ್ ಇಲ್ಲ ಈಗ. ಗೋಡೆ ಮೇಲೆ ಅದರ ಆಕಾರ ಮಾತ್ರ ಇದೆ.

"ಅವಳಿಗೆ ಯಾವಾಗಲೂ ಅವಸರ ಮಗಾ," ಅಂದರು. "ಪಾತ್ರೆ ತೊಳೆದ ಕೈ ಒರೆಸಿಕೊಳ್ಳೇ ಅಂತ ಎಷ್ಟು ಸಲ ಹೇಳಿದ್ದೆ. ಅವತ್ತು ವೈರ್‌ಮನ್ ಬಂದು ಎಲ್ಲ ಬಿಗಿ ಮಾಡಿ ಹೋದರು. ಒದ್ದೆ ಕೈಲಿ ಮುಟ್ಟಿದ್ದಾರೆ, ವೈರಿಂಗಲ್ಲಿ ಏನೂ ತಪ್ಪಿಲ್ಲ ಅಂದರು. ಅವಳನ್ನ ಕಳಿಸಿಕೊಡೋವಾಗಲೂ ಅವಳನ್ನೇ ಬೈಕೊಂಡು ಕಳಿಸಿದೆ. ಎರಡು ವರ್ಷದಿಂದ ದಿನಾ ಬೈತಾನೇ ಇದ್ದೀನಿ."

ಆ ವೈರ್‌ಮನ್ ಯಾರು ಅಪ್ಪಾ?

ಅದನ್ನ ನೀನು ಬರೆದಿರಲಿಲ್ಲ. ಅಷ್ಟೆಲ್ಲ ಬರೆದೋನು ಅದೊಂದು ಬಿಟ್ಟಿದ್ದೆ. ಹೆಣ ಒಳಗಿರೋವಾಗ ಬಂದು, ಸಡಿಲ ಆದ ನ್ಯೂಟ್ರಲ್ ಬಿಗಿ ಮಾಡಿ, ಆ ತುಂಡು ವೈರು ಹಾಗೇ ಬಿಟ್ಟು, ತಪ್ಪು ಅವಳದೇ ಅಂತ ಹೇಳಿ ಹೋಗಿದ್ದೀಯ. ಅವರು ನನ್ನ ಮುಖ ನೋಡಿದರು. ಅವರಿಗೆ ಗೊತ್ತಾಯ್ತು ಅನ್ಸುತ್ತೆ. ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

"ಅವಳ ತಪ್ಪಿಲ್ಲ ಅಂತ ನೀನು ಹೇಳಿದರೆ ಆಗಲ್ಲ ಮಗಾ," ಅಂದರು. "ನೀನು ಆವಾಗ ಸ್ಕೂಲಿಗೆ ಹೋಗೋ ಹುಡುಗಿ. ಹೇಳಿದವರೇ ಬಂದು ಹೇಳಲಿ."

ಅಡುಗೆಕೋಣೆದು ಬಿಚ್ಚೋಕೆ ನನ್ನ ಕೈಲಿ ಆಗಲಿಲ್ಲ. ಆ ಕೋಣೆಯ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಬಂದೆ.

ಮಂಗಳವಾರ ಅವರು ಹೊಲಿಯಲ್ಲ. ಇಪ್ಪತ್ತನಾಲ್ಕನೇ ತಾರೀಖು, ಬೆಳಿಗ್ಗೆ ಹತ್ತಕ್ಕೆ ನೀನು ಬರ್ತೀಯ ಅಂತ ಹೇಳಿದ್ದೀನಿ. ಬರ್ತೀಯಾ ಅಂತ ಕೇಳ್ತಿಲ್ಲ ಈ ಸಲ.

ನಿನ್ನ ಮಗಳು


ಜೂನ್ 19

ಮಗಳೇ,

ಸೋಮವಾರ ಬೆಳಗಿನ ಗಾಡಿಗೆ ಹೊರಡುತ್ತೇನೆ. ಕೆಲಸ ಬಿಟ್ಟಿದ್ದೇನೆ. ಟೈಲರ್ ಮನೆಯಿಂದ ನೇರ ಪೊಲೀಸ್ ಸ್ಟೇಷನ್ನಿಗೆ ಹೋಗುತ್ತೇನೆ, ಪೊಲೀಸರು ಹುಡುಕಿಕೊಂಡು ಬರುವುದು ಬೇಡ.

ಅಡುಗೆಕೋಣೆಯ ಪ್ಲಗ್ ನೀನು ಮುಟ್ಟಬೇಡ. ಟಾರ್ಚಕ್ಕನವರೂ ಮುಟ್ಟುವುದು ಬೇಡ. ಟೈಲರ್ ಕಣ್ಣೆದುರಿಗೆ ನಾನೇ ಬಿಚ್ಚಬೇಕು, ಬಿಚ್ಚುತ್ತಾ ಹೇಳಬೇಕು. ನನ್ನ ಕೈ ಈಗ ಮೊದಲಿನಂತಿಲ್ಲ. ಪಕ್ಕದಲ್ಲಿ ನಿಂತು ಬೆಳಕು ಹಿಡಿ, ಸಾಕು. ನಾನು ಮಾತು ನಿಲ್ಲಿಸಿದರೆ ಬೆಳಕು ತೆಗೆಯಬೇಡ.

ಅಪ್ಪ